ಮೊದಲು ಬಾಗಿಲು ಮುಚ್ಚಿ, ಆಮೇಲೆ ಬಲಿ ಕೊಡಿ: ಟೈಮ್ ಟ್ರಾವೆಲ್ ಎಪಿಸೋಡ್ ಬರೆಯುವವರಿಗೆ

ಟೈಮ್ ಟ್ರಾವೆಲ್ ಸ್ಕ್ರಿಪ್ಟ್ ಕೈಗೆ ಬಂದರೆ ನಾನು ಮೊದಲು ಓದುವುದು ಕೊನೆಯ ಪುಟಗಳನ್ನು. ಅಲ್ಲಿ ಯಾರೋ ಒಬ್ಬರು ಸಾಯುತ್ತಿರುತ್ತಾರೆ, ಇಲ್ಲವೇ ಎಲ್ಲರ ನೆನಪಿನಿಂದ ಅಳಿಸಿಹೋಗುತ್ತಿರುತ್ತಾರೆ. ಹಿನ್ನೆಲೆಯಲ್ಲಿ ಪಿಟೀಲು ಅಂತ ಪಕ್ಕದಲ್ಲಿ ಬರೆದಿರುತ್ತದೆ. ಆಮೇಲೆ ಮೊದಲ ಪುಟಕ್ಕೆ ಬಂದು ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ಈ ಸಾವು ತಪ್ಪಿಸೋಕೆ ಸುಲಭದ ದಾರಿ ಯಾವುದಾದರೂ ಉಳಿದಿದೆಯಾ? ಸಾಮಾನ್ಯವಾಗಿ ಉಳಿದಿರುತ್ತದೆ.

ನನ್ನ ಕೆಲಸ ಅದೇ. ಮೊದಲು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. ಈಗ ಟಿವಿ ಸರಣಿಗಳ ಸ್ಕ್ರಿಪ್ಟ್ ಓದಿ, ಎಲ್ಲೆಲ್ಲಿ ತೂತಿದೆ ಅಂತ ಹೇಳುತ್ತೇನೆ. ಬರೆಯುವವರಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ.

ಅವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ತ್ಯಾಗದ ಸೀನನ್ನು ಮೊದಲು ಬರೆದು, ಅದಕ್ಕೆ ವಿಜ್ಞಾನವನ್ನು ಆಮೇಲೆ ಅಂಟಿಸಬೇಡಿ. ನಿಮ್ಮ ಯಂತ್ರದ ಮಿತಿ ಏನೋ ಅದರಿಂದಲೇ ಬಲಿ ಹುಟ್ಟಬೇಕು. ಇಲ್ಲದಿದ್ದರೆ ನಾಯಕಿ ಕಣ್ಣೀರಿಡುತ್ತಿರುವಾಗ ಸೋಫಾದ ಮೇಲೆ ಕೂತವನು “ಇನ್ನೊಂದು ಹತ್ತು ನಿಮಿಷ ಹಿಂದಕ್ಕೆ ಹೋದ್ರೆ ಆಯ್ತಲ್ವಾ?” ಅಂತಾನೆ. ಅಲ್ಲಿಗೆ ನಿಮ್ಮ ಕಥೆ ಮುಗಿಯಿತು.

ಮುಂದೆ ಕೆಲವು ಹಳೆಯ ಎಪಿಸೋಡ್‌ಗಳ ಕೊನೆಯನ್ನು ಹೇಳಿಬಿಡುತ್ತೇನೆ. ನೋಡಿಲ್ಲದವರು ಸಹಿಸಿಕೊಳ್ಳಿ.

ಕಾಲ ಬದಲಾಗುತ್ತದಾ ಇಲ್ಲವಾ, ಮೊದಲೇ ತೀರ್ಮಾನಿಸಿ

ನಿಮ್ಮ ಮುಂದೆ ಇರುವುದು ಮೂರು ದಾರಿ. ಒಂದನ್ನು ಹಿಡಿಯಿರಿ. ಎರಡನ್ನು ಬೆರೆಸಿದರೆ ಕೆಟ್ಟಿತು.

ಮೊದಲನೆಯದು, ಆಗಿದ್ದು ಆಗಿಯೇ ಇರುತ್ತದೆ. ನೀವು ಹಿಂದಕ್ಕೆ ಹೋಗಿ ಏನೇ ಮಾಡಿದರೂ ಅದು ಮೊದಲಿನಿಂದಲೂ ಚರಿತ್ರೆಯ ಭಾಗವೇ. ರಷ್ಯಾದ ಭೌತವಿಜ್ಞಾನಿ ಇಗೊರ್ ನೊವಿಕೊವ್ ಹೆಸರಿನಲ್ಲಿ ಈ ತತ್ವ ಪ್ರಸಿದ್ಧ. ವಿಜ್ಞಾನದ ದೃಷ್ಟಿಯಿಂದ ಇದು ಅಚ್ಚುಕಟ್ಟು, ಒಳಗೇ ಹೊಡೆದಾಟವಿಲ್ಲ. ಆದರೆ ಇಲ್ಲಿ ಬಲಿ ಕೊಟ್ಟು ಫಲಿತಾಂಶ ಬದಲಿಸಲು ಆಗುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದೂ ಪಾತ್ರ ಅದೇ ಹೆಜ್ಜೆ ಇಡುತ್ತದೆ, ನೋವು ಇರುವುದು ಅಲ್ಲಿ. ಬರೆಯಲು ಕಷ್ಟ, ಬಂದರೆ ಬಂಗಾರ.

ಎರಡನೆಯದು, ಕವಲು. 1957ರಲ್ಲಿ ಹ್ಯೂ ಎವರೆಟ್ ಕ್ವಾಂಟಮ್ ಸಿದ್ಧಾಂತಕ್ಕೆ ಕೊಟ್ಟ ಹೊಸ ಅರ್ಥ, ಅಂದರೆ ಪ್ರತಿ ಸಾಧ್ಯತೆಗೂ ಒಂದು ಬೇರೆ ಜಗತ್ತು ಕವಲೊಡೆಯುತ್ತದೆ ಎಂಬ ಮಾತು, ಇದಕ್ಕೆ ಬುನಾದಿ. 1991ರಲ್ಲಿ ಡೇವಿಡ್ ಡಾಯ್ಚ್ ಅದನ್ನು ಕಾಲಯಾನದ ಲೆಕ್ಕಕ್ಕೂ ತಂದರು. ನೀವು ಹಿಂದಕ್ಕೆ ಹೋದ ಕೂಡಲೇ ಬೇರೊಂದು ಟೈಮ್‌ಲೈನ್‌ನಲ್ಲಿ ಇರುತ್ತೀರಿ. ಹಾಗಾಗಿ ತಾತನನ್ನು ಕೊಂದರೆ ನಾನೆಲ್ಲಿ ಅನ್ನುವ ತಲೆನೋವಿಲ್ಲ. ಬರಹಗಾರರಿಗೆ ಇದು ಭಾರೀ ಇಷ್ಟ. ನನಗೆ ಇಷ್ಟವಿಲ್ಲ. ಯಾಕೆ ಗೊತ್ತಾ? ನೀವು ಉಳಿಸಿದ ಮಗು ಈ ಕವಲಿನದು. ಸತ್ತ ಮಗು ಆ ಕವಲಿನಲ್ಲಿ ಸತ್ತೇ ಇದೆ. ಹಾಗಾದರೆ ನಾಯಕ ಪ್ರಾಣ ಕೊಟ್ಟಿದ್ದು ಯಾರಿಗೆ? ಈ ಪ್ರಶ್ನೆಯನ್ನು ಕಥೆ ತಾನೇ ಕೇಳಿದರೆ ಸರಿ. ಕೇಳದೆ ಸುಮ್ನೆ ಮುಂದೆ ಹೋದರೆ ನಾನು ಕೆಂಪು ಗೆರೆ ಎಳೆಯುತ್ತೇನೆ.

ಮೂರನೆಯದು, ಇರುವುದೊಂದೇ ಚರಿತ್ರೆ, ಅದನ್ನು ತಿದ್ದಬಹುದು. ಇದಕ್ಕೆ ಭೌತವಿಜ್ಞಾನದ ಬೆಂಬಲ ತೀರಾ ಕಡಿಮೆ. ಆದರೆ ಟಿವಿಯ ದೊಡ್ಡ ತ್ಯಾಗಗಳು ಹೆಚ್ಚಾಗಿ ಇಲ್ಲೇ ಹುಟ್ಟಿವೆ. 1967ರಲ್ಲಿ ಬಂದ ಸ್ಟಾರ್ ಟ್ರೆಕ್ ಎಪಿಸೋಡ್ “ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್” ನೆನಪಿದೆಯಾ? 1930ರ ನ್ಯೂಯಾರ್ಕ್. ಈಡಿತ್ ಕೀಲರ್ ಎಂಬ ಒಳ್ಳೆಯ ಹೆಂಗಸು. ಅವಳು ಬದುಕಿದರೆ ಅವಳ ಶಾಂತಿ ಚಳವಳಿಯಿಂದಾಗಿ ಅಮೆರಿಕ ಯುದ್ಧಕ್ಕೆ ತಡವಾಗಿ ಇಳಿಯುತ್ತದೆ, ಅಣುಬಾಂಬ್ ನಾಜಿಗಳ ಕೈಗೆ ಮೊದಲು ಸಿಗುತ್ತದೆ. ಭವಿಷ್ಯದಿಂದ ಬಂದು ಅವಳನ್ನು ಪ್ರೀತಿಸುವ ಕ್ಯಾಪ್ಟನ್ ಕರ್ಕ್, ಉಳಿಸಲು ಓಡುತ್ತಿರುವ ಡಾಕ್ಟರನ್ನು ತಬ್ಬಿ ಹಿಡಿದು ನಿಲ್ಲಿಸುತ್ತಾನೆ. ಇಲ್ಲಿ ಯಂತ್ರದ ವಿವರಣೆ ಇಲ್ಲವೇ ಇಲ್ಲ, ಮಾತಾಡುವ ಒಂದು ಕಲ್ಲಿನ ಕಮಾನು ಅಷ್ಟೇ. ಆದರೂ ಜನ ನಂಬಿದರು. ಕಾರಣ ಸುಲಭ: ಅವಳು ಬದುಕಿದರೆ ಏನು, ಸತ್ತರೆ ಏನು ಎಂಬ ಎರಡು ಸಾಲು ಮೊದಲೇ ಸ್ಪಷ್ಟವಾಗಿ ಬಿದ್ದಿವೆ. ಮಧ್ಯದ ದಾರಿ ಇಲ್ಲ.

ವಿಜ್ಞಾನ ಎಷ್ಟು ಬೇಕು?

ಮುಂದಕ್ಕೆ ಹೋಗುವ ಕಾಲಯಾನ ನಿಜ. ಅದಕ್ಕೆ ಯಾರ ಹತ್ತಿರವೂ ಕ್ಷಮೆ ಕೇಳಬೇಕಿಲ್ಲ. 1971ರಲ್ಲಿ ಹಾಫೆಲ್ ಮತ್ತು ಕೀಟಿಂಗ್ ಅಣುಗಡಿಯಾರಗಳನ್ನು ವಿಮಾನದಲ್ಲಿ ಇಟ್ಟು ಭೂಮಿ ಸುತ್ತಿಸಿದರು. ನೆಲದ ಮೇಲಿದ್ದ ಗಡಿಯಾರಕ್ಕೂ ಅವಕ್ಕೂ ವ್ಯತ್ಯಾಸ ಬಂತು, ಐನ್‌ಸ್ಟೈನ್ ಲೆಕ್ಕ ಹೇಳಿದ ಹಾಗೇ. ಜಿಪಿಎಸ್ ಉಪಗ್ರಹಗಳ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಫೋನಿನ ಮ್ಯಾಪ್ ದಿನಕ್ಕೆ ಹತ್ತು ಕಿಲೋಮೀಟರ್‌ನಷ್ಟು ತಪ್ಪುತ್ತಾ ಹೋಗುತ್ತಿತ್ತು. ವೇಗವಾಗಿ ಹೋಗಿ ವಾಪಸ್ ಬಂದ ತಾಯಿಗಿಂತ ಮಗಳಿಗೆ ವಯಸ್ಸಾಗಿದೆ ಅಂತ ನೀವು ಬರೆದರೆ ಅದು ಗಟ್ಟಿ ವಿಜ್ಞಾನ. ಅಲ್ಲಿ ತ್ಯಾಗವೂ ಸಹಜವಾಗಿಯೇ ಇದೆ, ಹೊಸದಾಗಿ ಹುಡುಕಬೇಕಿಲ್ಲ.

ಹಿಂದಕ್ಕೆ ಹೋಗುವುದು ಬೇರೆ ಮಾತು. 1949ರಲ್ಲಿ ಕರ್ಟ್ ಗೋಡೆಲ್, ತಿರುಗುವ ವಿಶ್ವವೊಂದರಲ್ಲಿ ಹಿಂದಕ್ಕೆ ಹೋಗುವ ದಾರಿ ಐನ್‌ಸ್ಟೈನ್ ಸಮೀಕರಣಗಳಲ್ಲಿ ಇದೆ ಅಂತ ತೋರಿಸಿದರು. 1988ರಲ್ಲಿ ಕಿಪ್ ಥಾರ್ನ್ ಮತ್ತು ಸಂಗಡಿಗರು ವರ್ಮ್‌ಹೋಲನ್ನು, ಅಂದರೆ ದೂರದ ಎರಡು ಜಾಗ ಜೋಡಿಸುವ ಸುರಂಗವನ್ನು, ಟೈಮ್ ಮೆಷಿನ್ ಮಾಡುವ ಲೆಕ್ಕ ಬರೆದರು. ಅದಕ್ಕೆ ಋಣ ಶಕ್ತಿ ಇರುವ ವಿಚಿತ್ರ ವಸ್ತು ಬೇಕು. 1992ರಲ್ಲಿ ಸ್ಟೀಫನ್ ಹಾಕಿಂಗ್, ಪ್ರಕೃತಿಯೇ ಇದನ್ನು ತಡೆಯುತ್ತದೆ ಅಂತ ವಾದ ಮಂಡಿಸಿದರು. 2009ರ ಜೂನ್ 28ರಂದು ಅವರು ಕಾಲಯಾತ್ರಿಕರಿಗಾಗಿ ಒಂದು ಪಾರ್ಟಿಯನ್ನೂ ಇಟ್ಟರು. ಪಾರ್ಟಿ ಮುಗಿದ ಮೇಲೆ ಆಹ್ವಾನ ಕಳಿಸಿದರು. ಯಾರೂ ಬಂದಿರಲಿಲ್ಲ.

ಇದನ್ನೆಲ್ಲ ಪಾತ್ರಗಳ ಬಾಯಲ್ಲಿ ಹೇಳಿಸಬೇಡಿ, ದಯವಿಟ್ಟು. ಇದರಲ್ಲಿ ನಿಮಗೆ ಪುಕ್ಕಟೆ ಸಿಗುವ ಒಂದು ಮಿತಿಯನ್ನು ಮಾತ್ರ ಎತ್ತಿಕೊಳ್ಳಿ. ನನಗೆ ಅಚ್ಚುಮೆಚ್ಚಿನದು ವರ್ಮ್‌ಹೋಲ್ ಲೆಕ್ಕದಿಂದ ಬರುವ ಈ ಮಾತು: ಯಂತ್ರ ಹುಟ್ಟುವುದಕ್ಕಿಂತ ಹಿಂದಿನ ಕಾಲಕ್ಕೆ ಯಂತ್ರದಿಂದ ಹೋಗಲು ಆಗುವುದಿಲ್ಲ. ಈ ಒಂದು ನಿಯಮದಿಂದ “ಹಿಟ್ಲರನನ್ನು ಕೊಂದುಬಿಡಿ” ಅನ್ನುವವರ ಬಾಯಿ ಮುಚ್ಚುತ್ತದೆ. ಡೈನೋಸಾರ್ ಬರುವುದೂ ತಪ್ಪುತ್ತದೆ.

ಇನ್ನೊಂದು ಮಿತಿ ಶಕ್ತಿ. ಎಪ್ಪತ್ತು ಕಿಲೋ ತೂಕದ ಮನುಷ್ಯನನ್ನು ಐನ್‌ಸ್ಟೈನ್‌ರ E = mc² ಸಮೀಕರಣಕ್ಕೆ ಹಾಕಿ ನೋಡಿ. ಹಿರೋಷಿಮಾ ಮೇಲೆ ಬಿದ್ದಂಥ ಬಾಂಬ್ ಸುಮಾರು ಒಂದು ಲಕ್ಷದಷ್ಟು. ಅಷ್ಟು ಹೊರೆ ಇದ್ದಕ್ಕಿದ್ದಂತೆ ನಿನ್ನೆಯ ಲೆಕ್ಕಕ್ಕೆ ಸೇರಿತು ಅಂದರೆ ಯಾರೋ ಎಲ್ಲೋ ಅದನ್ನು ತೆರಬೇಕಲ್ಲ. ಫ್ರಿಂಜ್ ಸರಣಿಯ 2010ರ “ವೈಟ್ ಟ್ಯೂಲಿಪ್” ಎಪಿಸೋಡ್ ಕೈಹಾಕಿದ್ದು ಇಲ್ಲಿಗೇ. ಆಲಿಸ್ಟರ್ ಪೆಕ್ ಎಂಬ ವಿಜ್ಞಾನಿ ಸತ್ತುಹೋದ ತನ್ನ ಪ್ರೇಯಸಿಗಾಗಿ ಹಿಂದಕ್ಕೆ ಜಿಗಿಯುತ್ತಾನೆ. ಪ್ರತಿ ಜಿಗಿತಕ್ಕೂ ಸುತ್ತಲಿನ ಶಕ್ತಿ ಹೀರಿಕೊಳ್ಳುತ್ತಾನೆ. ಅವನು ರೈಲಿನ ಬೋಗಿಯಲ್ಲಿ ಕಾಣಿಸಿಕೊಂಡಾಗ ಅಲ್ಲಿದ್ದ ಪ್ರಯಾಣಿಕರೆಲ್ಲ ಸತ್ತಿರುತ್ತಾರೆ, ಫೋನುಗಳ ಬ್ಯಾಟರಿ ಕೂಡ ಖಾಲಿ. ಆ ಬ್ಯಾಟರಿ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. ಭೌತವಿಜ್ಞಾನದ ಬಿಲ್ಲೂ ನೀತಿಯ ಬಿಲ್ಲೂ ಒಂದೇ ಕಾಗದದಲ್ಲಿ ಬಂದಿದೆ. ಕೊನೆಗೆ ಅವನು ಮಾಡುವುದಿಷ್ಟೇ: ಅಪಘಾತದ ಕಾರಿನಲ್ಲಿ ಅವಳ ಪಕ್ಕ ಹೋಗಿ ಕೂರುತ್ತಾನೆ.

ಇನ್ನು ಭೂಮಿ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದೆ, ಹತ್ತು ನಿಮಿಷ ಹಿಂದಕ್ಕೆ ಹೋದವನು ಆಕಾಶದಲ್ಲಿ ಬೀಳಬೇಕಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವಿಶ್ವದಲ್ಲಿ ನಿಂತಲ್ಲೇ ನಿಂತ ಜಾಗ ಅಂತ ಯಾವುದೂ ಇಲ್ಲ. ಆಚೆ ತುದಿಯಲ್ಲಿ ಹಿಡಿಯಲು ಒಂದು ರಿಸೀವರ್ ಇದೆ ಅಂತ ಇಟ್ಟರೆ ಸಾಕು.

ಹದಿನಾರು ಅಕ್ಷರ

ಒಂದು ಸ್ಕ್ರಿಪ್ಟ್ ಹೇಗೆ ಸರಿಹೋಯಿತು ಅಂತ ಬಿಡಿಸಿ ಹೇಳುತ್ತೇನೆ. ಹೊಸ ಹುಡುಗಿ ಬರೆದದ್ದು. ಪಾತ್ರಗಳ ಹೆಸರು ಬದಲಿಸಿದ್ದೇನೆ.

ಊರ್ಮಿಳಾ ಮತ್ತು ಅವಳ ಅಣ್ಣ ರಘು ಒಂದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಹಿಂದಿನ ಕಾಲಕ್ಕೆ ಸಂದೇಶ ಕಳಿಸುವ ಯಂತ್ರ. ಪಕ್ಕದ ಆಸ್ಪತ್ರೆಗೆ ಬೆಂಕಿ ಬಿದ್ದು ನಲವತ್ತು ಜನ ಸಾಯುತ್ತಾರೆ. ಅವಳು ಹಿಂದಕ್ಕೆ ಸಂದೇಶ ಕಳಿಸುತ್ತಾಳೆ, ಎಲ್ಲರೂ ಉಳಿಯುತ್ತಾರೆ, ಮೊದಲ ಡ್ರಾಫ್ಟಿನಲ್ಲಿ ಕೊನೆಗೆ ಊರ್ಮಿಳಾ ಗಾಳಿಯಲ್ಲಿ ಕರಗಿಹೋಗುತ್ತಿದ್ದಳು. ಯಾಕೆ ಅಂತ ಕೇಳಿದೆ. “ಕಾಲ ಬಲಿ ಕೇಳುತ್ತೆ ಸರ್” ಅಂದಳು. ಕಾಲಕ್ಕೆ ಏನು ಗರಜು? ಬಲಿ ಕೇಳುತ್ತಿದ್ದವಳು ಬರೆಯುವವಳೇ.

ಆಮೇಲೆ ಇಬ್ಬರೂ ಕೂತು ಯಂತ್ರಕ್ಕೆ ಮಿತಿ ಹಾಕಿದೆವು. ರಿಸೀವರ್ ಚಾಲೂ ಇದ್ದ ಹೊತ್ತಿಗೆ ಮಾತ್ರ ಸಂದೇಶ ತಲುಪುತ್ತದೆ. ಆ ದಿನ ಸಂಜೆ ಅದನ್ನು ಟೆಸ್ಟ್‌ಗೆ ಅಂತ ಒಂದೇ ನಿಮಿಷ ಹಾಕಿದ್ದರು, ಎದುರಿಗೆ ಕೂತಿದ್ದವನು ರಘು. ಅದು ಹಿಡಿಯುವುದು ಒಂದೇ ಸಂದೇಶ. ಹೊಸದು ಕಳಿಸಿದರೆ ಹಳೆಯದು ಅಳಿಯುತ್ತದೆ. ಪ್ರತಿ ಅಕ್ಷರಕ್ಕೂ ಕೆಪಾಸಿಟರ್ ಚಾರ್ಜ್ ಖರ್ಚಾಗುತ್ತದೆ, ಹದಿನಾರಕ್ಕಿಂತ ಜಾಸ್ತಿ ಹೋಗುವುದಿಲ್ಲ. ಕಳಿಸುವ ಕೋಣೆಯ ಒಳಗಿದ್ದವರಿಗೆ ಮಾತ್ರ ಹಳೆಯ ಚರಿತ್ರೆ ನೆನಪಿರುತ್ತದೆ. ಈ ಕೊನೆಯ ನಿಯಮಕ್ಕೆ ಯಾವ ವಿಜ್ಞಾನವೂ ಇಲ್ಲ, ಗೊತ್ತು. ಒಂದು ಸುಳ್ಳಿಗೆ ಅವಕಾಶ ಕೊಡುತ್ತೇನೆ. ಎರಡನೆಯದಕ್ಕೆ ಕೊಡುವುದಿಲ್ಲ.

ಈಗ ಊರ್ಮಿಳಾ ಸಂದೇಶ ಬರೆಯಬೇಕು: “ರಾತ್ರಿ ಹತ್ತಕ್ಕೆ ಬೆಂಕಿ ಆಸ್ಪತ್ರೆ ಖಾಲಿ ಮಾಡಿ.” ಎಣಿಸಿ ನೋಡಿ, ಹದಿನಾಲ್ಕು ಅಕ್ಷರ. ಈ ಸೀನನ್ನು ನಗೆಯ ಸೀನ್ ಆಗಿ ಬರೆಸಿದೆ. ಸಹಾಯಕ ಹುಡುಗ “ಮಾಡಿ” ತೆಗೆದುಬಿಡೋಣ ಅಂತಾನೆ. ತೆಗೆದರೆ “ಆಸ್ಪತ್ರೆ ಖಾಲಿ” ಅಂತಾಗಿ, ಒಳಗೆ ಯಾರೂ ಇಲ್ಲ ಅಂದುಕೊಂಡು ರಘು ಕೂತೇ ಇರುತ್ತಾನೆ. “ರಾತ್ರಿ” ತೆಗೆದರೆ ಬೆಳಗ್ಗೆ ಹತ್ತೋ ರಾತ್ರಿ ಹತ್ತೋ ಗೊತ್ತಾಗಲ್ಲ. “ಹತ್ತಕ್ಕೆ” ಬದಲು ಅಂಕಿ ಹಾಕಿದರೆ? 1, 0, ಕ್ಕೆ. ಆಗಲೂ ಮೂರೇ. ನೋಡುವವರು ನಗುತ್ತಾ ನಿಯಮ ಕಲಿತುಬಿಡುತ್ತಾರೆ.

ಸಂದೇಶ ಹೋಗುತ್ತದೆ. ರಘು ಓಡುತ್ತಾನೆ, ಆಸ್ಪತ್ರೆ ಖಾಲಿ ಮಾಡಿಸುತ್ತಾನೆ. ಕೊನೆಯ ರೋಗಿಗಾಗಿ ಮತ್ತೆ ಒಳಗೆ ಹೋಗಿ ತಾನೇ ಸಾಯುತ್ತಾನೆ. ಊರ್ಮಿಳಾ ಕೋಣೆಯಿಂದ ಹೊರಗೆ ಬಂದಾಗ ನಲವತ್ತು ಜನ ಬದುಕಿದ್ದಾರೆ, ಅಣ್ಣ ಇಲ್ಲ.

ಈಗ ಬಾಗಿಲುಗಳನ್ನು ನೋಡಿ. ಇನ್ನೂ ಹಿಂದಕ್ಕೆ ಕಳಿಸೋಣ ಅಂದರೆ ರಿಸೀವರ್ ಚಾಲೂ ಇರಲಿಲ್ಲ. ಬೇರೆಯವರಿಗೆ ಹೇಳೋಣ ಅಂದರೆ ಎದುರಿಗೆ ಕೂತಿದ್ದವನು ಅವನೊಬ್ಬನೇ. ಎರಡನೇ ಸಂದೇಶ ಕಳಿಸೋಣ ಅಂದರೆ ಮೊದಲನೆಯದು ಅಳಿಯುತ್ತದೆ. ಬರೀ ಖಾಲಿ ಸಂದೇಶ ಕಳಿಸಿದರೆ ಅಣ್ಣ ಬದುಕುತ್ತಾನೆ, ನಲವತ್ತು ಜನ ಮತ್ತೆ ಸುಟ್ಟುಹೋಗುತ್ತಾರೆ. ಉಳಿದಿರುವುದು ಎರಡೇ ಅಕ್ಷರದ ಜಾಗ. ಮೊದಲು ಹೋಗು, ಆದರೆ ಕೊನೆಗೊಮ್ಮೆ ಒಳಗೆ ಹೋಗಬೇಡ ಅನ್ನುವುದನ್ನು ಎರಡಕ್ಷರದಲ್ಲಿ ಹೇಗೆ ಹೇಳುವುದು? “ಬೇಡ” ಅಂತ ಟೈಪ್ ಮಾಡುತ್ತಾಳೆ. ಓದಿ ನೋಡುತ್ತಾಳೆ: ಖಾಲಿ ಮಾಡಿ ಬೇಡ. ಇಡೀ ಎಚ್ಚರಿಕೆಯೇ ಗೊಂದಲ ಆಯಿತು. ಅಳಿಸುತ್ತಾಳೆ. “ಅಣ್ಣ” ಅಂತ ಹಾಕಿ ಕಳಿಸುತ್ತಾಳೆ.

ಲ್ಯಾಬಿನಲ್ಲಿ ಅವಳು ಯಾವತ್ತೂ ಅವನನ್ನು “ರಘು ಸರ್” ಅಂತಲೇ ಕರೆಯುವುದು. ಅದನ್ನು ಮೊದಲೇ ಮೂರು ಕಡೆ ತೋರಿಸಿದ್ದೆವು. ಹಾಗಾಗಿ ಪರದೆ ಮೇಲೆ ಆ ಎರಡಕ್ಷರ ನೋಡಿದ ಕೂಡಲೇ ಅವನಿಗೆ ತನಗೇನಾಗಲಿದೆ ಅಂತ ತಿಳಿಯುತ್ತದೆ. ಗಡಿಯಾರ ನೋಡುತ್ತಾನೆ. ಜಾಕೆಟ್ ಎತ್ತಿಕೊಂಡು ಹೋಗುತ್ತಾನೆ. ಮಾತಿಲ್ಲ. ಆ ಹುಡುಗಿ ಇಲ್ಲಿ ಅರ್ಧ ಪುಟದ ಸ್ವಗತ ಬರೆದಿದ್ದಳು, ಅಷ್ಟೂ ಹೊಡೆದುಹಾಕಿಸಿದೆ.

ಇದೇ ಕಥೆಯನ್ನು ಮೊದಲ ದಾರಿಯಲ್ಲೂ ಬರೆಯಬಹುದಿತ್ತು: ಸಂದೇಶದಲ್ಲಿ “ಅಣ್ಣ” ಮೊದಲಿನಿಂದಲೂ ಇತ್ತು, ಕಳಿಸಬೇಕಾದವಳು ತಾನೇ ಅಂತ ಊರ್ಮಿಳಾಗೆ ಸಾವಿನ ನಂತರ ಗೊತ್ತಾಗುತ್ತದೆ. ವಿಜ್ಞಾನಕ್ಕೆ ಅದು ಹೆಚ್ಚು ಒಪ್ಪಿಗೆ. ಆದರೆ ಆಗ ಸಂದೇಶ ಮೊದಲು ರಚಿಸಿದ್ದು ಯಾರು ಅನ್ನುವ ಬೂಟ್‌ಸ್ಟ್ರ್ಯಾಪ್ ಪ್ಯಾರಡಾಕ್ಸ್ ತಲೆಹಾಕುತ್ತದೆ, ಜೊತೆಗೆ ಅವಳಿಗೆ ಆಯ್ಕೆಯೇ ಇರುವುದಿಲ್ಲ. ನಾನು ಆಯ್ಕೆಯ ಪಕ್ಷ.

ಬಲಿ ಯಾರದು, ಒಪ್ಪಿಗೆ ಯಾರದು?

ಇನ್ನೊಬ್ಬರನ್ನು ಬಲಿ ಕೊಟ್ಟು ತಾನು ಅಳುವುದನ್ನು ತ್ಯಾಗ ಅನ್ನಬೇಡಿ. ಈಡಿತ್ ಕೀಲರ್‌ಗೆ ತಾನು ಯಾಕೆ ಸಾಯುತ್ತಿದ್ದೇನೆ ಅಂತ ಗೊತ್ತೇ ಇಲ್ಲ. ಕರ್ಕ್ ಕಳೆದುಕೊಂಡದ್ದು ಪ್ರೀತಿ, ಅವಳು ಕಳೆದುಕೊಂಡದ್ದು ಜೀವ. ಆ ಎಪಿಸೋಡ್ ಇದನ್ನು ಮುಚ್ಚಿಡುವುದಿಲ್ಲ, ಅದಕ್ಕೇ ಅದು ಇನ್ನೂ ಕುಟುಕುತ್ತದೆ.

ಅದರ ಪಕ್ಕದಲ್ಲಿ ಸ್ಟಾರ್ ಟ್ರೆಕ್‌ನ ಮುಂದಿನ ಸರಣಿ ನೆಕ್ಸ್ಟ್ ಜನರೇಷನ್‌ನ 1990ರ ಎಪಿಸೋಡ್ “ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್” ಇಟ್ಟು ನೋಡಿ. ಬದಲಾದ ಚರಿತ್ರೆಯಲ್ಲಿ ಬದುಕಿರುವ ಟಾಶಾ ಯಾರ್ ಎಂಬ ಅಧಿಕಾರಿ, ಸರಿಯಾದ ಚರಿತ್ರೆಯಲ್ಲಿ ತಾನು ಅರ್ಥವಿಲ್ಲದೆ ಸತ್ತಿದ್ದೇನೆ ಅಂತ ತಿಳಿದುಕೊಳ್ಳುತ್ತಾಳೆ. ಸೋಲು ಖಚಿತ ಇರುವ ಹಡಗಿಗೆ ತನ್ನನ್ನು ವರ್ಗ ಮಾಡಿ ಅಂತ ತಾನೇ ಕ್ಯಾಪ್ಟನ್ ಹತ್ತಿರ ಕೇಳುತ್ತಾಳೆ. ಗೊತ್ತಿದ್ದು ಹೋಗುವುದು ಅಂದರೆ ಇದು.

ತೀರಾ ಕಷ್ಟದ್ದು 1997ರ “ಚಿಲ್ಡ್ರನ್ ಆಫ್ ಟೈಮ್”, ಸ್ಟಾರ್ ಟ್ರೆಕ್‌ನದೇ ಡೀಪ್ ಸ್ಪೇಸ್ ನೈನ್ ಸರಣಿಯದು. ಹಡಗು ಇನ್ನೂರು ವರ್ಷ ಹಿಂದಕ್ಕೆ ಬಿದ್ದರೆ ಎಂಟು ಸಾವಿರ ವಂಶಜರು ಇರುತ್ತಾರೆ. ಬೀಳದಿದ್ದರೆ ಅವರು ಹುಟ್ಟಲೇ ಇಲ್ಲ. ಸಿಬ್ಬಂದಿ ಮನೆಮಠ ಬಿಟ್ಟು ಬೀಳಲು ಒಪ್ಪುತ್ತಾರೆ. ಕೊನೆ ಗಳಿಗೆಯಲ್ಲಿ, ಸಿಬ್ಬಂದಿಯಲ್ಲಿ ಒಬ್ಬನಾಗಿ ಬಿದ್ದು ಆ ಇನ್ನೂರು ವರ್ಷವೂ ಬದುಕಿ ಉಳಿದ ಮುದಿ ಓಡೊ ಹಡಗಿನ ದಾರಿ ಬದಲಿಸುತ್ತಾನೆ, ತಾನು ಪ್ರೀತಿಸುವ ಕೀರಾ ಉಳಿಯಲಿ ಅಂತ. ಎಂಟು ಸಾವಿರ ಜನ ಇಲ್ಲವಾಗುತ್ತಾರೆ. ಕೀರಾಗೆ ಇದು ತಿಳಿದಾಗ ಧನ್ಯವಾದ ಹೇಳುವ ಸ್ಥಿತಿಯಲ್ಲಿ ಅವಳಿಲ್ಲ. ಕ್ಲಾಸಿನಲ್ಲಿ ಇದನ್ನು ತೋರಿಸಿದರೆ ಜಗಳ ಗ್ಯಾರಂಟಿ. ಹುಟ್ಟದೇ ಇದ್ದವರನ್ನು ಕೊಂದ ಹಾಗಾಯಿತಾ? ನಿಮ್ಮ ಕಥೆಯಲ್ಲಿ ಟೈಮ್‌ಲೈನ್ ಅಳಿಯುತ್ತದೆ ಅಂದರೆ ಈ ಪ್ರಶ್ನೆಗೆ ನಿಮ್ಮ ಉತ್ತರ ಏನು ಅಂತ ಒಂದು ಸಾಲು ಬರೆದಿಟ್ಟುಕೊಳ್ಳಿ. ಸ್ಕ್ರಿಪ್ಟಿನಲ್ಲಿ ಹಾಕಲೇಬೇಕೆಂದಿಲ್ಲ.

ನೀತಿಯ ಕಗ್ಗಂಟನ್ನು ಯಂತ್ರದ ವಿನ್ಯಾಸದಲ್ಲೇ ಬಿಡಿಸಿದ ಸರಣಿ ಅಂದರೆ ಟ್ರಾವೆಲರ್ಸ್, 2016ರಿಂದ 2018. ಭವಿಷ್ಯದವರ ಪ್ರಜ್ಞೆ ಮಾತ್ರ ಹಿಂದಕ್ಕೆ ಬರುತ್ತದೆ, ಅದೂ ಸಾಯುವ ಗಳಿಗೆ ದಾಖಲಾಗಿರುವವರ ದೇಹಕ್ಕೆ. ಹೇಗಿದ್ದರೂ ಸಾಯುತ್ತಿದ್ದರು, ಹಾಗಾಗಿ ಕೊಲೆಯಲ್ಲ ಅನ್ನುವ ವಾದ. ಮೊದಲಿಗೆ ನುಣುಪಾಗಿ ಕಾಣುತ್ತದೆ. ಆಮೇಲೆ ಆ ದೇಹದ ಹೆಂಡತಿ ಬಾಗಿಲು ತೆರೆಯುತ್ತಾಳೆ. ವಿನ್ಯಾಸ ಮುಚ್ಚಿಟ್ಟದ್ದೆಲ್ಲ ಮನೆಯೊಳಗೆ ಹೊರಬೀಳುತ್ತದೆ. ಕೊನೆಯದಾಗಿ ಬಂದವರಿಗಿಂತ ಹಿಂದಿನ ಗಳಿಗೆಗೆ ಹೊಸಬರನ್ನು ಕಳಿಸಲು ಆಗುವುದಿಲ್ಲ ಎಂಬ ನಿಯಮವೂ ಅಲ್ಲಿದೆ. “ಇನ್ನೊಮ್ಮೆ ಪ್ರಯತ್ನಿಸಿ” ಅನ್ನುವ ಬಾಗಿಲು ಹೀಗೆ ಮುಚ್ಚಿತು.

ಕೊಟ್ಟದ್ದನ್ನು ವಾಪಸ್ ಪಡೆಯಬೇಡಿ

ಎಲ್ಲರೂ ಸತ್ತು, ಕೊನೆಗೆ ಕಾಲ ತಿರುಗಿ, ಎಲ್ಲರೂ ಎದ್ದು ಕೂತು, ಯಾರಿಗೂ ಏನೂ ನೆನಪಿಲ್ಲ. ಇದನ್ನು ರೀಸೆಟ್ ಅನ್ನುತ್ತಾರೆ. ವಾಯೇಜರ್ ಸರಣಿಯ 1997ರ “ಇಯರ್ ಆಫ್ ಹೆಲ್” ಎರಡು ಭಾಗದಲ್ಲಿ ಅದ್ಭುತವಾಗಿ ಕಟ್ಟಿ, ಕೊನೆಗೆ ಹೀಗೇ ಅಳಿಸಿಬಿಟ್ಟಿತು. ನನಗೆ ಇನ್ನೂ ಸಿಟ್ಟಿದೆ. ರೀಸೆಟ್ ಬೇಕೇ ಬೇಕು ಅಂದರೆ ಒಬ್ಬರಿಗಾದರೂ ನೆನಪು ಉಳಿಸಿ, ಇಲ್ಲವೇ ಒಂದು ವಸ್ತು ಉಳಿಸಿ.

ಜರ್ಮನಿಯ ಡಾರ್ಕ್, 2017ರಿಂದ 2020, ಅಳಿಸುವುದನ್ನೇ ಬೆಲೆಯಾಗಿ ಮಾಡಿಕೊಂಡಿತು. 33 ವರ್ಷದ ಸುತ್ತುಗಳು, ಮೂರು ಸೀಸನ್. ಕೊನೆಗೆ ಯೋನಾಸ್ ಮತ್ತು ಮಾರ್ಥಾ ಗಂಟು ಬಿಚ್ಚುತ್ತಾರೆ, ಆ ಗಂಟಿನಿಂದಲೇ ಹುಟ್ಟಿದ ತಾವಿಬ್ಬರೂ ಇಲ್ಲವಾಗುತ್ತಾರೆ. ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಯಾರು ಯಾರ ಮಗ ಅಂತ ಮೂರು ಸೀಸನ್ ನಮ್ಮ ತಲೆ ತಿಂದದ್ದೇ ವಿವರಣೆ.

ಸ್ಕ್ರಿಪ್ಟ್ ಮುಗಿದ ಮೇಲೆ ಮಾಡಬೇಕಾದ್ದು ಇಷ್ಟು. ಟೈಮ್ ಟ್ರಾವೆಲ್ ಇಷ್ಟಪಡದ ಒಬ್ಬರಿಗೆ ಕೊಡಿ. ಓದುವಾಗ “ಹೀಗೆ ಮಾಡಿದ್ರೆ ಆಗಲ್ವಾ?” ಅಂತ ಅನಿಸಿದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಲು ಹೇಳಿ. ಪ್ರತಿ ಗುರುತಿಗೂ ಉತ್ತರ ಅದಕ್ಕಿಂತ ಹಿಂದಿನ ಪುಟದಲ್ಲಿ ಇರಬೇಕು. ಮುಂದಿನ ಪುಟದಲ್ಲಿ ಇದ್ದರೆ ಅದು ನೆಪ ಹೇಳಿದ ಹಾಗೆ ಕೇಳಿಸುತ್ತದೆ, ಹಿಂದಕ್ಕೆ ತಂದು ಹಾಕಿ. ಎಲ್ಲೂ ಇಲ್ಲದಿದ್ದರೆ ಹೊಸ ಡೈಲಾಗ್ ಸೇರಿಸಲು ಹೋಗಬೇಡಿ. ಶೂಟಿಂಗ್ ನಾಳೆ ಇದ್ದರೂ ಸರಿ, ಆ ಅನುಮಾನ ಹುಟ್ಟಿಸಿದ ಸಾಲು ಯಾವುದು ಅಂತ ಹುಡುಕಿ. ನಮ್ಮ ಯಂತ್ರ ಹಾಗೂ ಮಾಡುತ್ತೆ ಹೀಗೂ ಮಾಡುತ್ತೆ ಅಂತ ಯಾರೋ ಒಬ್ಬ ವಿಜ್ಞಾನಿ ಮೊದಲ ಹತ್ತು ನಿಮಿಷದಲ್ಲಿ ಜಂಬ ಕೊಚ್ಚಿಕೊಂಡಿರುತ್ತಾನೆ. ಅವನ ಆ ಸಾಲನ್ನು ಕಿತ್ತುಹಾಕಿ.